ರೊಕ್ಕ ತಿರುಗಿ ಬಂತು, ಲೆಕ್ಕ ತೀರಿತೇನು?

ಖಾನಾಪುರದ ಮಣ್ಣಿನ ಕೆಲಸ ನಮ್ಮ ಭಾಗದವರಿಗೆ ಹೊಸದಾಗಿ ಹೇಳಬೇಕಾದ್ದಲ್ಲ. ಹಂಚು, ಇಟ್ಟಂಗಿ, ಮಡಕೆ ಮಾಡುವ ಮನೆಗಳು ತಾಲೂಕಿನಲ್ಲಿ ಇಂದಿಗೂ ಇವೆ. ಅಂಥದೊಂದು ಮನೆಯ ಹುಡುಗ ಈಗ ಮೊಬೈಲಿನಲ್ಲೇ ಆರ್ಡರ್ ಹಿಡಿದು ದೀಪ, ಹೂಜಿ, ಕುಂಡಗಳನ್ನು ದೂರದ ಊರುಗಳಿಗೆ ಕಳಿಸುತ್ತಾನೆ. ಕಳೆದ ದೀಪಾವಳಿ ಮುಗಿದ ಮೇಲೆ ಅವನು ನಮಗೆ ಫೋನ್ ಮಾಡಿದ.

"ಸರ, ದೀಪಾ ಮುಟ್ಯಾವು, ಚಂದ ಅದಾವು ಅಂತ ಅವರ ಮೆಸೇಜ್ ಹಾಕ್ಯಾರ್ರಿ. ಈಗ ನೋಡಿದ್ರ ಮಾಲ ಬಂದಿಲ್ಲ ಅಂತ ಬ್ಯಾಂಕಿಗೆ ಹೇಳಿ ರೊಕ್ಕ ಹಿಂದ ತಗೊಂಡಾರ. ಮೂರು ಸಾವಿರದ ನಾಕನೂರು ಹೋತ್ರಿ. ಇವರ ಮ್ಯಾಲೆ ಕೋರ್ಟಿಗೆ ಹಾಕಾಕ ಬರತೈತೇನ್ರಿ?"

ಅದೇ ವಾರ ಬೆಳಗಾವಿಯ ವಡಗಾವಿಯಿಂದ ನಮ್ಮ ಪೈಕಿಯ ಅಕ್ಕ ಒಬ್ಬರು ಕರೆದರು. ಸುತ್ತಲೂ ಮಗ್ಗದ ಸದ್ದು ಇರುವ ಓಣಿಯಲ್ಲಿದ್ದುಕೊಂಡು ಇವರು ಸೀರೆ ತರಿಸಿದ್ದು ಎಲ್ಲೋ ದೂರದ ಆನ್‌ಲೈನ್ ಅಂಗಡಿಯಿಂದ. ಬಂದದ್ದು ಬೇರೆ ಬಣ್ಣದ್ದು, ಸೆರಗಿನ ಹತ್ತಿರ ಹರಿದದ್ದು. ಅಂಗಡಿಯವರು ಫೋನ್ ಎತ್ತಲಿಲ್ಲ. ಅಕ್ಕ ಕಾರ್ಡು ಕೊಟ್ಟ ಬ್ಯಾಂಕಿಗೆ ದೂರು ಕೊಟ್ಟರು, ರೊಕ್ಕ ತಿರುಗಿ ಬಂತು. ಎರಡು ತಿಂಗಳ ಮೇಲೆ ವಾಟ್ಸಾಪಿಗೆ ಒಂದು ವಕೀಲರ ನೋಟಿಸು ಬಂತು. ಏಳು ದಿನದಲ್ಲಿ ಹಣ ಕಟ್ಟದಿದ್ದರೆ ಸಿವಿಲ್ ದಾವೆ, ಮೇಲೆ ಪೊಲೀಸ್ ಕೇಸು ಎಂದು ಅದರಲ್ಲಿ ಬರೆದಿತ್ತು. "ತಮ್ಮಾ, ಮನೀಗೆ ಪೊಲೀಸರು ಬರತಾರೇನೋ?" ಎಂದು ಅಕ್ಕ ಕೇಳಿದಾಗ ಅವರ ದನಿ ನಡುಗುತ್ತಿತ್ತು.

ಒಬ್ಬ ಮಾರಿದವನು, ಒಬ್ಬರು ಕೊಂಡವರು. ಇಬ್ಬರ ಪ್ರಶ್ನೆಯೂ ಒಂದೇ. ಬ್ಯಾಂಕು ರೊಕ್ಕ ತಿರುಗಿಸಿತು ಅಂದರೆ ಅದು ತೀರ್ಪು ಕೊಟ್ಟ ಹಾಗೆಯೇ? ಅಲ್ಲ. ಬ್ಯಾಂಕು ಬದಲಿಸಿದ್ದು ರೊಕ್ಕ ಯಾರ ಕೈಯಲ್ಲಿದೆ ಅನ್ನುವುದನ್ನು ಮಾತ್ರ. ಆ ರೊಕ್ಕ ಯಾರಿಗೆ ಸೇರಬೇಕು ಅನ್ನುವ ತಕರಾರು ಹಾಗೆಯೇ ಉಳಿಯುತ್ತದೆ. ಇದು ಮೊಬೈಲ್ ಬಂದ ಮೇಲೆ ಹುಟ್ಟಿದ ಜಗಳವೂ ಅಲ್ಲ. ಕೊಳ್ಳುವವನೂ ಮಾರುವವನೂ ಮುಖ ನೋಡದೆ ವ್ಯವಹಾರ ಶುರು ಮಾಡಿದ ದಿನದಿಂದ ಇದು ಇದೆ. ಆ ಹಳೆಯ ದಾರಿಯನ್ನೇ ಇಲ್ಲಿ ಸ್ವಲ್ಪ ನೋಡೋಣ.

ಹುಂಡಿಯ ಕಾಲ

ಬೆಳಗಾವಿ 1836ರಲ್ಲಿ ಧಾರವಾಡದಿಂದ ಬೇರೆಯಾಗಿ ಮುಂಬೈ ಪ್ರಾಂತದ ಪ್ರತ್ಯೇಕ ಜಿಲ್ಲೆಯಾಯಿತು. ಆ ಕಾಲದಲ್ಲಿ ದೂರದ ಪೇಟೆಗಳ ನಡುವೆ ಹಣ ಹೋಗುತ್ತಿದ್ದದ್ದು ಹುಂಡಿಯ ಮೇಲೆ. ಒಂದು ಊರಿನ ಸಾವುಕಾರ ಇನ್ನೊಂದು ಊರಿನ ಸಾವುಕಾರನಿಗೆ 'ಈ ಚೀಟಿ ತಂದವರಿಗೆ ಇಷ್ಟು ಕೊಡಿ' ಎಂದು ಬರೆದುಕೊಡುತ್ತಿದ್ದ. ನೋಡಿದ ಕೂಡಲೇ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ, ವಾಯಿದೆ ಮುಗಿದ ಮೇಲೆ ಕೊಡಬೇಕಾದದ್ದು ಮುದ್ದತಿ ಹುಂಡಿ.

ಇವುಗಳಲ್ಲಿ ಎರಡು ಬಗೆ ನಮ್ಮ ವಿಷಯಕ್ಕೆ ತೀರಾ ಹತ್ತಿರ. ಮೊದಲನೆಯದು ಜೋಖಮಿ ಹುಂಡಿ. ಸರಕು ಸುರಕ್ಷಿತವಾಗಿ ಬಂದು ಮುಟ್ಟಿದರೆ ಮಾತ್ರ ಇದರ ಹಣ ಕೊಡಬೇಕು. ಸರಕು ದಾರಿಯಲ್ಲೇ ಹಾಳಾದರೆ ಹಣವಿಲ್ಲ. 'ಮಾಲು ಬಂದಿಲ್ಲ' ಎಂಬ ಇಂದಿನ ತಕರಾರಿಗೆ ಅಂದಿನ ವ್ಯಾಪಾರಿಗಳು ಚೀಟಿ ಬರೆಯುವಾಗಲೇ ಜಾಗ ಬಿಟ್ಟಿದ್ದರು.

ಎರಡನೆಯದು ಶಹಾಜೋಗ ಹುಂಡಿ. ಇದರ ಹಣವನ್ನು ಪೇಟೆಯಲ್ಲಿ ಹೆಸರಿರುವ 'ಶಹಾ'ನ ಕೈಗೆ ಮಾತ್ರ ಕೊಡಬೇಕು. ಹುಂಡಿ ಖೋಟಾ ಅಥವಾ ಕದ್ದದ್ದು ಎಂದು ಆಮೇಲೆ ಗೊತ್ತಾದರೆ ಆ ಶಹಾ ತನಗೆ ಚೀಟಿ ಕೊಟ್ಟವನನ್ನು ತೋರಿಸಬೇಕು, ಇಲ್ಲವೇ ಪಡೆದ ಹಣವನ್ನು ಹಿಂದಕ್ಕೆ ಕೊಡಬೇಕು. ಒಮ್ಮೆ ಪಾವತಿಯಾದ ಹಣ ತಿರುಗಿ ಬರುವ ಕ್ರಮ ಹೀಗೆ ಪೇಟೆಯ ರೂಢಿಯಲ್ಲೇ ಇತ್ತು. ಈಗಿನದಕ್ಕೂ ಅದಕ್ಕೂ ಒಂದು ವ್ಯತ್ಯಾಸವಿದೆ. ನಡುವೆ ನಿಂತ ಶಹಾನ ಅಂಗಡಿ ಎಲ್ಲಿದೆ ಎಂದು ಎರಡೂ ಕಡೆಯವರಿಗೆ ಗೊತ್ತಿರುತ್ತಿತ್ತು, ಹೋಗಿ ಕೇಳಬಹುದಿತ್ತು.

1881ರಲ್ಲಿ ಚೆಕ್ಕು, ಪ್ರಾಮಿಸರಿ ನೋಟುಗಳಿಗಾಗಿ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ ಬಂದಾಗಲೂ ದೇಶಿ ಭಾಷೆಯಲ್ಲಿ ಬರೆದ ಇಂಥ ಪತ್ರಗಳ ಸ್ಥಳೀಯ ರೂಢಿಗೆ ಈ ಕಾಯ್ದೆ ಅಡ್ಡಿಯಲ್ಲ ಎಂದು ಅದರ ಒಂದನೇ ಕಲಮಿನಲ್ಲೇ ಬರೆದರು. ಬ್ರಿಟಿಷರೂ ಪೇಟೆಯ ಮಾತನ್ನು ತಳ್ಳಿಹಾಕುವಂತಿರಲಿಲ್ಲ.

ಕೋರ್ಟು ಯಾರ ಊರಲ್ಲಿ?

ಪೇಟೆಯ ಪಂಚರನ್ನು ಬಿಟ್ಟು ಜಗಳ ಕೋರ್ಟಿಗೆ ಹೋಗತೊಡಗಿದಾಗ ಇನ್ನೊಂದು ತೊಂದರೆ ಕಾಣಿಸಿತು. 1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ ರೈತರು ಸಾವುಕಾರರ ಮನೆಗಳಿಗೆ ನುಗ್ಗಿ ಸಾಲಪತ್ರಗಳನ್ನು ಸುಟ್ಟರು. ಗಲಾಟೆ ಅಹ್ಮದ್‌ನಗರಕ್ಕೂ ಹಬ್ಬಿತು. ಇದನ್ನೇ ಡೆಕ್ಕನ್ ದಂಗೆ ಎನ್ನುತ್ತಾರೆ. ರೈತರ ಸಿಟ್ಟು ಸಾಲದ ಮೇಲಷ್ಟೇ ಇರಲಿಲ್ಲ. ದೂರದ ಕೋರ್ಟಿನಲ್ಲಿ ದಾವೆ ಹೂಡುತ್ತಾರೆ, ಸಮನ್ಸು ಬಂದರೂ ಹೋಗಲಾಗುವುದಿಲ್ಲ, ಹೋಗದಿದ್ದರೆ ಒಂದೇ ಕಡೆಯ ಮಾತು ಕೇಳಿ ಡಿಕ್ರಿ ಆಗುತ್ತದೆ. ಆ ಸಿಟ್ಟಿನ ಹಿಂದೆ ಇದೂ ಇತ್ತು.

ಅದರ ಫಲವಾಗಿ 1879ರಲ್ಲಿ ಡೆಕ್ಕನ್ ರೈತರ ಪರಿಹಾರ ಕಾಯ್ದೆ ಬಂತು. ಮೊದಲಿಗೆ ಅದು ಪುಣೆ, ಸಾತಾರಾ, ಸೊಲ್ಲಾಪುರ, ಅಹ್ಮದ್‌ನಗರ ಈ ನಾಲ್ಕು ಜಿಲ್ಲೆಗಳಿಗೆ. ನಮ್ಮ ಬೆಳಗಾವಿ ಆ ಮೊದಲ ಪಟ್ಟಿಯಲ್ಲಿರಲಿಲ್ಲ. ಆದರೆ ಅದರ ಮೂರು ಮಾತುಗಳು ಮುಂದಿನ ಕಾಲಕ್ಕೆ ದೊಡ್ಡವು. ರೈತನ ಮೇಲಿನ ದಾವೆ ಅವನು ಇರುವ ಕಡೆಯೇ ನಡೆಯಬೇಕು. ನ್ಯಾಯಾಧೀಶರು ಬರೀ ಸಹಿ ಮಾಡಿದ ಕಾಗದ ನೋಡದೆ ಅದರ ಹಿಂದಿನ ವ್ಯವಹಾರವನ್ನೂ ಕೆದಕಿ ನೋಡಬೇಕು. ಹಣದ ಡಿಕ್ರಿಗಾಗಿ ರೈತನನ್ನು ಜೈಲಿಗೆ ಹಾಕಬಾರದು.

'ಕಾಗದದ ಹಿಂದೆ ಏನು ನಡೆಯಿತು ನೋಡಿ' ಎಂಬ ಎರಡನೇ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ಅದು ಮತ್ತೆ ಬರುತ್ತದೆ.

ಪೋಸ್ಟ್‌ಮಾಸ್ತರರ ಕೈಯಲ್ಲಿ ಹಣ

ನಮ್ಮ ಅಜ್ಜಂದಿರ ಆನ್‌ಲೈನ್ ಶಾಪಿಂಗ್ ಎಂದರೆ ವಿ.ಪಿ.ಪಿ. ಪತ್ರಿಕೆಯಲ್ಲಿ ಜಾಹೀರಾತು ನೋಡಿ ಒಂದು ಕಾರ್ಡು ಬರೆದರೆ ಪುಸ್ತಕ, ಬೀಜ, ಔಷಧ, ಗಡಿಯಾರ ಅಂಚೆಯಲ್ಲಿ ಬರುತ್ತಿತ್ತು. ಹಣ ಎಣಿಸಿ ಕೊಟ್ಟ ಮೇಲೆ ಪಾರ್ಸಲ್ ಕೈಗೆ. ಭಾರತದಲ್ಲಿ ಇದು ಶುರುವಾದದ್ದು 1877ರಲ್ಲಿ. ಗಳಗನಾಥರು ಪುಸ್ತಕಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದ್ದನ್ನು ನಾವೆಲ್ಲ ಕೇಳಿದ್ದೇವೆ. ಅಲ್ಲಿ ಕೊಳ್ಳುವವನು ಪುಸ್ತಕದ ಹಾಳೆ ತಿರುವಿ ನೋಡುತ್ತಿದ್ದ. ವಿ.ಪಿ.ಪಿ.ಯಲ್ಲಿ ಹಾಗಿಲ್ಲ, ಮೊದಲು ರೊಕ್ಕ, ಆಮೇಲೆ ಕಟ್ಟು ಬಿಚ್ಚುವುದು. ರೇಡಿಯೋ ತರಿಸಿದರೆ ಇಟ್ಟಂಗಿ ಬಂತು ಎಂಬ ಕಥೆ ನಮ್ಮ ಕಡೆ ಪ್ರತಿ ಊರಿನಲ್ಲೂ ಒಂದಿರುತ್ತದೆ.

ಈ ಮೋಸಕ್ಕೆ ಸರ್ಕಾರ ಮಾಡಿದ ವ್ಯವಸ್ಥೆ ಓದಿದಾಗ ನಮಗೇ ಅಚ್ಚರಿಯಾಯಿತು. 1898ರ ಅಂಚೆ ಕಚೇರಿ ಕಾಯ್ದೆಯ 35ನೇ ಕಲಮು ವಿ.ಪಿ.ಪಿ.ಗೆ ನಿಯಮ ಮಾಡುವ ಅಧಿಕಾರ ಕೊಟ್ಟಿತು. ಕಳಿಸುವವನು 'ಇದು ನನಗೆ ನಿಜವಾಗಿ ಬಂದ ಆರ್ಡರಿನ ಮೇಲೆ ಕಳಿಸುತ್ತಿರುವ ಮಾಲು' ಎಂದು ಬರೆದುಕೊಡಬೇಕೆಂಬ ನಿಯಮಕ್ಕೆ ಅಲ್ಲಿ ಅವಕಾಶವಿತ್ತು. ಮೋಸ ಆಗಿದ್ದರೆ ವಸೂಲಾದ ಹಣವನ್ನು ಅಂಚೆಯವರೇ ತಡೆಹಿಡಿದು, ಪಾರ್ಸಲ್ ಬಿಡಿಸಿಕೊಂಡವನಿಗೆ ತಿರುಗಿ ಕೊಡುವ ನಿಯಮಕ್ಕೂ ಅವಕಾಶವಿತ್ತು. ಇದು ಚಾರ್ಜ್‌ಬ್ಯಾಕ್ ಅಲ್ಲದೆ ಮತ್ತೇನು? ಆ ಪದ ನಮ್ಮೂರಿಗೆ ಬರುವ ನೂರು ವರ್ಷ ಮೊದಲೇ ಅದರ ಕೆಲಸ ಅಂಚೆ ಕಾಯ್ದೆಯಲ್ಲಿತ್ತು.

ಇಲ್ಲಿ ಗಮನಿಸಬೇಕಾದ್ದು, ಹಣ ತಡೆಹಿಡಿಯುವವರು ಸರ್ಕಾರಿ ನೌಕರರು. ಅವರ ನಿಯಮ ಅಚ್ಚಾಗಿ ಎಲ್ಲರಿಗೂ ಸಿಗುತ್ತಿತ್ತು. ವಿ.ಪಿ.ಪಿ.ಯಲ್ಲಿ ಬೆಲೆ ವಸೂಲು ಮಾಡುವಾಗ ಅಂಚೆ ಇಲಾಖೆ ಮಾರುವವನ ಪರವಾಗಿ ಕೆಲಸ ಮಾಡುತ್ತದೆ ಎಂದು ಸುಪ್ರೀಂ ಕೋರ್ಟ್ 1959ರಲ್ಲಿ ಪಿ.ಎಂ. ರಾಥೋಡ್ ಕಂಪನಿಯ ಆದಾಯ ತೆರಿಗೆ ಪ್ರಕರಣದಲ್ಲಿ ಹೇಳಿತು. 1898ರ ಆ ಕಾಯ್ದೆ 2024ರ ಜೂನ್‌ವರೆಗೆ ಇತ್ತು. ಈಗ ಅದರ ಜಾಗದಲ್ಲಿ 2023ರ ಹೊಸ ಅಂಚೆ ಕಾಯ್ದೆ ಇದೆ.

ಚೆಕ್ಕಿಗೆ ತಡೆ

ಅಂಗಡಿಗಳಿಗೆ ಚೆಕ್ಕು ಬಂದ ಮೇಲೆ ಹಣ ತಡೆಯುವ ಶಕ್ತಿ ನೇರವಾಗಿ ಕೊಳ್ಳುವವನ ಕೈಗೆ ಬಂತು. ಮಾಲು ಇಳಿಸಿಕೊಂಡು ಚೆಕ್ಕು ಬರೆದುಕೊಡು, ಮರುದಿನ ಬ್ಯಾಂಕಿಗೆ ಹೋಗಿ 'ಪಾಸು ಮಾಡಬೇಡಿ' ಎಂದು ಹೇಳು. ವ್ಯಾಪಾರಿಗೆ ಹೆಚ್ಚಾಗಿ ಉಳಿಯುತ್ತಿದ್ದ ದಾರಿ ಸಿವಿಲ್ ದಾವೆ.

ಇದಕ್ಕೆ 1988ರಲ್ಲಿ ತಿದ್ದುಪಡಿ ಮಾಡಿ 138ನೇ ಕಲಮು ಸೇರಿಸಿದರು, ಅದು 1989ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಚೆಕ್ ಬೌನ್ಸ್ ಅಪರಾಧವಾಯಿತು. ಶಿಕ್ಷೆ ಮೊದಲು ಒಂದು ವರ್ಷದವರೆಗೆ, ಆಮೇಲೆ ಎರಡು ವರ್ಷದವರೆಗೆ. ಖಾತೆಯಲ್ಲಿ ಹಣವಿಲ್ಲದೆ ಬೌನ್ಸ್ ಆದರೆ ಸರಿ, ತಾನೇ ತಡೆ ಹಾಕಿಸಿದರೆ? ಅದೂ 138ರೊಳಗೆ ಬರಬಹುದು ಎಂದು 1998ರಲ್ಲಿ ಮೋದಿ ಸಿಮೆಂಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗಂತ ತಡೆ ಹಾಕಿದವರೆಲ್ಲ ಅಪರಾಧಿಗಳಲ್ಲ. ಕೊಡಬೇಕಾದ ಬಾಕಿ ನಿಜವಾಗಿ ಇರಲಿಲ್ಲ, ತಡೆಗೆ ನ್ಯಾಯವಾದ ಕಾರಣವಿತ್ತು ಎಂದು ತೋರಿಸಿದರೆ ಅಪರಾಧವಾಗುವುದಿಲ್ಲ ಎಂದು 2001ರಲ್ಲಿ ಎಂ.ಎಂ.ಟಿ.ಸಿ. ಪ್ರಕರಣದಲ್ಲಿ ಸ್ಪಷ್ಟವಾಯಿತು. ಮತ್ತೆ ಅದೇ ಮಾತು: ಕಾಗದದ ಹಿಂದೆ ಏನು ನಡೆಯಿತು ನೋಡಿ.

ಈ ಕಲಮಿನ ಇನ್ನೊಂದು ಮುಖವೂ ಇದೆ. 2019ರ ಕೊನೆಗೆ ದೇಶದಲ್ಲಿ ಬಾಕಿ ಇದ್ದ 2.31 ಕೋಟಿ ಕ್ರಿಮಿನಲ್ ಪ್ರಕರಣಗಳಲ್ಲಿ 35 ಲಕ್ಷಕ್ಕೂ ಹೆಚ್ಚು ಚೆಕ್ಕಿನವೇ ಎಂದು ಸುಪ್ರೀಂ ಕೋರ್ಟಿನ ಮುಂದೆ ಬಂತು. ವಸೂಲಿಗೆಂದು ಮಾಡಿದ ಕಾನೂನು ಕೋರ್ಟುಗಳ ಮೇಲೆ ಹೊರೆಯಾಗಿ ಕುಳಿತಿತು.

ಈಗ ಯಾರ ಕೈಯಲ್ಲಿ?

ಚಾರ್ಜ್‌ಬ್ಯಾಕ್ ಎಂಬುದು ಕ್ರೆಡಿಟ್ ಕಾರ್ಡಿನ ಜೊತೆ ಬೆಳೆದದ್ದು. ಅಮೆರಿಕದಲ್ಲಿ 1974ರ ಫೇರ್ ಕ್ರೆಡಿಟ್ ಬಿಲ್ಲಿಂಗ್ ಕಾಯ್ದೆ ಕಾರ್ಡಿನ ಬಿಲ್ಲಿನಲ್ಲಿ ತಪ್ಪಿದ್ದರೆ, ಮಾಲು ಮುಟ್ಟದಿದ್ದರೆ ತಕರಾರು ಎತ್ತುವ ಹಕ್ಕನ್ನು ಗ್ರಾಹಕನಿಗೆ ಕೊಟ್ಟಿತು. ಮುಂದೆ ಕಾರ್ಡು ಕಂಪನಿಗಳು ತಮ್ಮ ನಿಯಮ ಪುಸ್ತಕಗಳಲ್ಲಿ ಇದನ್ನು ಬೆಳೆಸಿದವು. ನಮ್ಮಲ್ಲಿ 2009ರ ಆಗಸ್ಟಿನಿಂದ ಆನ್‌ಲೈನ್ ಕಾರ್ಡು ಪಾವತಿಗೆ ರಿಸರ್ವ್ ಬ್ಯಾಂಕು ಎರಡನೇ ಗುರುತನ್ನು ಕಡ್ಡಾಯ ಮಾಡಿತು. ನಾವೀಗ ಒತ್ತುವ ಓಟಿಪಿ ಅದರದೇ ರೂಪ. 2016ರಲ್ಲಿ ಯುಪಿಐ ಬಂತು, ಅದಕ್ಕೂ ತಕರಾರಿನ ಕ್ರಮವೊಂದು ಇದೆ.

ಕೆಲಸ ನಡೆಯುವುದು ಹೀಗೆ. ಗ್ರಾಹಕ ತನ್ನ ಬ್ಯಾಂಕಿಗೆ ದೂರು ಕೊಡುತ್ತಾನೆ. ಆ ಬ್ಯಾಂಕು ವ್ಯಾಪಾರಿಯ ಬ್ಯಾಂಕಿಗೆ, ಅಲ್ಲಿಂದ ಪೇಮೆಂಟ್ ಗೇಟ್‌ವೇಗೆ, ಅಲ್ಲಿಂದ ವ್ಯಾಪಾರಿಗೆ ಸುದ್ದಿ ಬರುತ್ತದೆ. ಕೊಟ್ಟ ಗಡುವಿನೊಳಗೆ ವ್ಯಾಪಾರಿ ಬಿಲ್ಲು, ಕೊರಿಯರ್ ರಸೀದಿ, ಮುಟ್ಟಿದ ದಾಖಲೆ ಕಳಿಸಬೇಕು. ಕಳಿಸದಿದ್ದರೆ, ಅಥವಾ ಕಳಿಸಿದ್ದು ಸಾಲದಿದ್ದರೆ, ಹಣ ಹೋಯಿತು. ನಮ್ಮ ಖಾನಾಪುರದ ಹುಡುಗನಿಗೆ ಬಂದ ಇಂಗ್ಲಿಷ್ ಇಮೇಲನ್ನು ಅವನು ತೆರೆದು ನೋಡಿದ್ದೇ ಗಡುವು ಮುಗಿದ ಮೇಲೆ. ಹಬ್ಬದ ಸೀಸನ್, ಭಟ್ಟಿಯ ಮುಂದೆ ಕುಳಿತವನು ಇಮೇಲ್ ಎಲ್ಲಿ ನೋಡುತ್ತಾನೆ?

1875ರ ಸಮನ್ಸು ನಿಮಗೆ ನೆನಪಾಗಿರಬಹುದು. ಆಗ ರೈತ ದೂರದ ಕೋರ್ಟಿಗೆ ಹೋಗದಿದ್ದರೆ ಏಕಪಕ್ಷೀಯ ಡಿಕ್ರಿ ಆಗುತ್ತಿತ್ತು. ಈಗ ಇಮೇಲಿಗೆ ಉತ್ತರಿಸದಿದ್ದರೆ ಏಕಪಕ್ಷೀಯವಾಗಿ ಹಣ ಹೋಗುತ್ತದೆ. ಆದರೆ ಡಿಕ್ರಿ ಅಂದರೆ ಕೋರ್ಟಿನ ಮಾತು, ಚಾರ್ಜ್‌ಬ್ಯಾಕ್ ಅಂದರೆ ಬ್ಯಾಂಕುಗಳು ತಮ್ಮ ನಿಯಮದ ಪ್ರಕಾರ ಮಾಡಿಕೊಂಡ ಹೊಂದಾಣಿಕೆ. ಅದರ ಮೇಲೆ ಕೋರ್ಟಿಗೆ ಹೋಗಲು ಇಬ್ಬರಿಗೂ ದಾರಿ ತೆರೆದೇ ಇದೆ.

ಮಾರಿದವನಿಗೆ ಇರುವ ದಾರಿ

ಮಾಲು ಮುಟ್ಟಿದೆ, ಚೆನ್ನಾಗಿದೆ, ಆದರೂ ಸುಳ್ಳು ಹೇಳಿ ಹಣ ಹಿಂದೆ ಪಡೆದರೆ ಆ ಬೆಲೆ ಇನ್ನೂ ಬಾಕಿಯೇ. 1930ರ ಸರಕು ಮಾರಾಟ ಕಾಯ್ದೆಯ 55ನೇ ಕಲಮಿನಡಿ ಬೆಲೆಗಾಗಿ ದಾವೆ ಹೂಡಬಹುದು. ಕಾಲಮಿತಿ ಸಾಮಾನ್ಯವಾಗಿ ಮೂರು ವರ್ಷ. ದಾವೆ ಎಲ್ಲಿ? ಪ್ರತಿವಾದಿ ಇರುವ ಊರಿನಲ್ಲಿ, ಇಲ್ಲವೇ ವ್ಯವಹಾರದ ಒಂದು ಭಾಗವಾದರೂ ನಡೆದ ಊರಿನಲ್ಲಿ. ಬೆಳಗಾವಿಯ ಹಳೆಯ ಬಿಲ್ಲು ಪುಸ್ತಕಗಳ ಕೆಳಗೆ 'ತಕರಾರುಗಳು ಬೆಳಗಾವಿ ಕೋರ್ಟಿನ ವ್ಯಾಪ್ತಿಗೆ ಮಾತ್ರ' ಎಂದು ಅಚ್ಚು ಹಾಕಿಸುತ್ತಿದ್ದದ್ದು ಇದಕ್ಕೇ. ಆ ಸಾಲಿಗೆ ಬೆಲೆಯಿದೆ, ಆದರೆ ಕಾನೂನಿನ ಪ್ರಕಾರ ವ್ಯಾಪ್ತಿಯೇ ಇಲ್ಲದ ಕೋರ್ಟಿಗೆ ಬರೀ ಅಚ್ಚಿನಿಂದ ವ್ಯಾಪ್ತಿ ಬರುವುದಿಲ್ಲ.

ಚೆಕ್ಕಿಗೆ 138 ಇದ್ದ ಹಾಗೆ ಚಾರ್ಜ್‌ಬ್ಯಾಕಿಗೆ ಪ್ರತ್ಯೇಕ ಕ್ರಿಮಿನಲ್ ಕಲಮು ಇಲ್ಲ. 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಮು ಇರುವುದು ಖಾತೆಯಲ್ಲಿ ಹಣವಿಲ್ಲದೆ ಎಲೆಕ್ಟ್ರಾನಿಕ್ ವರ್ಗಾವಣೆ ಬೌನ್ಸ್ ಆಗುವುದಕ್ಕೆ. ವಂಚನೆಯ ಕೇಸು ಹಾಕಬೇಕೆಂದರೆ ಕೊಳ್ಳುವಾಗಲೇ ಮೋಸದ ಮನಸ್ಸಿತ್ತು ಎಂದು ತೋರಿಸಬೇಕು. ಒಂದೇ ಆರ್ಡರಿನಲ್ಲಿ ಅದು ಕಷ್ಟ. ಇದೇ ಗ್ರಾಹಕ ಇದೇ ರೀತಿ ಹಲವು ಸಲ ಮಾಡಿದ್ದರೆ ಮಾತು ಬೇರೆ.

ಸಿವಿಲ್ ದಾವೆ ಗೆದ್ದರೂ ವಸೂಲಿ ಇನ್ನೊಂದು ಹೋರಾಟ. ಗ್ರಾಹಕ ಬೇರೆ ಊರಿನಲ್ಲಿದ್ದರೆ ಡಿಕ್ರಿಯನ್ನು ಅಲ್ಲಿಯ ಕೋರ್ಟಿಗೆ ವರ್ಗಾಯಿಸಿ ಜಾರಿ ಮಾಡಿಸಬೇಕು. ಮೂರು ಸಾವಿರದ ನಾನೂರಕ್ಕೆ ಇಷ್ಟೆಲ್ಲ ಯಾರು ಮಾಡುತ್ತಾರೆ? ಇದೇ ಸಣ್ಣ ವ್ಯಾಪಾರಿಯ ನಿಜವಾದ ಕಷ್ಟ. ಹಕ್ಕು ಇದೆ, ಅದನ್ನು ಚಲಾಯಿಸುವ ಖರ್ಚು ಹಕ್ಕಿಗಿಂತ ದೊಡ್ಡದು.

ನಡುದಾರಿ ಒಂದಿದೆ. ಕಾನೂನು ಸೇವಾ ಪ್ರಾಧಿಕಾರಗಳ 1987ರ ಕಾಯ್ದೆಯಡಿ ಕೇಸು ಹಾಕುವ ಮೊದಲೇ ತಕರಾರನ್ನು ಲೋಕ ಅದಾಲತ್ತಿಗೆ ಒಯ್ಯಬಹುದು. ಶುಲ್ಕವಿಲ್ಲ. ಇಬ್ಬರೂ ಒಪ್ಪಿ ಸಹಿ ಮಾಡಿದರೆ ಅದು ಕೋರ್ಟಿನ ಡಿಕ್ರಿಗೆ ಸಮ, ಮೇಲ್ಮನವಿ ಇಲ್ಲ. ಆದರೆ ಇನ್ನೊಂದು ಕಡೆಯವರು ಬರಲೇಬೇಕು, ಒಪ್ಪಲೇಬೇಕು.

ಕೊಂಡವರಿಗೆ ಇರುವ ರಕ್ಷಣೆ

ವಡಗಾವಿ ಅಕ್ಕನ ನೋಟಿಸಿಗೆ ಬರೋಣ. ವಕೀಲರ ನೋಟಿಸು ಎಂದರೆ ಮಾರಿದವನ ಪರವಾಗಿ ಬಂದ ಒಂದು ಪತ್ರ. ಅದು ಸಮನ್ಸೂ ಅಲ್ಲ, ವಾರಂಟೂ ಅಲ್ಲ. ಹಾಗಂತ ಕಸದ ಬುಟ್ಟಿಗೆ ಹಾಕುವಂಥದ್ದೂ ಅಲ್ಲ. ಉತ್ತರ ಕೊಡಬೇಕು, ದಾಖಲೆ ಇಟ್ಟುಕೊಳ್ಳಬೇಕು. ಮುಂದೆ ಕೋರ್ಟಿನಿಂದ ಸಮನ್ಸು ಬಂದರೆ ಹೋಗಲೇಬೇಕು.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾಲು ದೋಷದ್ದಾಗಿದ್ದರೆ, ಅಥವಾ ತೋರಿಸಿದ್ದೇ ಒಂದು, ಕಳಿಸಿದ್ದೇ ಒಂದಾಗಿದ್ದರೆ ಮಾರಿದವನು ಅದನ್ನು ವಾಪಸ್ ಪಡೆಯಲು, ಹಣ ಕೊಡಲು ನಿರಾಕರಿಸುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಾದ ಮೇಲೆ ಗ್ರಾಹಕ ತಾನಿರುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಐದು ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. 'ದಾವೆ ಬಡವನ ಊರಿನಲ್ಲಿ ನಡೆಯಲಿ' ಎಂದು 1879ರಲ್ಲಿ ರೈತನಿಗೆ ಕೊಟ್ಟ ಮಾತು, ಬೇರೆ ವೇಷದಲ್ಲಿ, ನಮ್ಮ ಅಕ್ಕನವರೆಗೆ ಬಂದಿದೆ. ಖಾನಾಪುರದಲ್ಲಿ ಕುಳಿತು ಮಾರುವವನಿಗೆ ಅಂಥ ಮಾತನ್ನು ಇನ್ನೂ ಯಾರೂ ಕೊಟ್ಟಿಲ್ಲ.

ಅಕ್ಕನಿಗೆ ನಾವು ಹೇಳಿದ್ದು ಇಷ್ಟೇ: "ಸೀರೆ ನಿಮ್ಮ ಹತ್ತಿರಾನ ಐತಲ್ಲ, ಅದನ್ನ ತಿರುಗಿ ಕಳಿಸಾಕ ತಯಾರದೀನಿ, ಬಂದು ಒಯ್ಯಿರಿ ಅಂತ ಬರೀರಿ." ರೊಕ್ಕವೂ ತಮ್ಮ ಬಳಿ, ಮಾಲೂ ತಮ್ಮ ಬಳಿ ಇಟ್ಟುಕೊಂಡರೆ ನ್ಯಾಯ ಅವರ ಕಡೆಗೆ ಪೂರ್ತಿ ನಿಲ್ಲುವುದಿಲ್ಲ. ಹರಿದ ಸೆರಗಿನ ಫೋಟೋ, ಅಂಗಡಿಗೆ ಕಳಿಸಿದ ಮೆಸೇಜುಗಳು, ಬ್ಯಾಂಕಿನ ಪತ್ರ ಎಲ್ಲ ಸೇರಿಸಿ ರಿಜಿಸ್ಟರ್ಡ್ ಅಂಚೆಯಲ್ಲಿ ಉತ್ತರ ಕಳಿಸಿದರು. ಇದುವರೆಗೆ ಆ ಕಡೆಯಿಂದ ಸದ್ದಿಲ್ಲ. ಸೀರೆ ಇನ್ನೂ ಅದೇ ಡಬ್ಬಿಯಲ್ಲಿ ಕಪಾಟಿನ ಮೇಲಿದೆ.

ಖಾನಾಪುರದ ಹುಡುಗ ಕೋರ್ಟಿಗೆ ಹೋಗಲಿಲ್ಲ. ಗ್ರಾಹಕರಿಗೆ ಅವರದೇ ಮೆಸೇಜಿನ ಚಿತ್ರ ಹಚ್ಚಿ ಒಂದು ಪತ್ರ ಬರೆದ. ಅದರಲ್ಲಿ ಬೈಗುಳವೂ ಇರಲಿಲ್ಲ, ಪೊಲೀಸರ ಬೆದರಿಕೆಯೂ ಇರಲಿಲ್ಲ. ಮೂರು ವಾರದ ಮೇಲೆ ಎರಡು ಸಾವಿರ ಬಂತು. ಉಳಿದದ್ದು ಬರುತ್ತದೆಂಬ ಆಸೆ ಅವನಿಗಿಲ್ಲ. ಈಗ ಪ್ರತಿ ಪೆಟ್ಟಿಗೆ ಕಟ್ಟುವಾಗ ವಿಡಿಯೋ ಮಾಡುತ್ತಾನೆ, ತೂಕದ ರಸೀದಿ ಇಟ್ಟುಕೊಳ್ಳುತ್ತಾನೆ, ದಿನಕ್ಕೊಮ್ಮೆ ತಂಗಿಯ ಕೈಯಲ್ಲಿ ಇಮೇಲ್ ಓದಿಸುತ್ತಾನೆ. ಹಳೆಯ ವಿ.ಪಿ.ಪಿ.ಯವರು 'ಇದು ನಿಜವಾದ ಆರ್ಡರಿನ ಮಾಲು' ಎಂದು ಬರೆದುಕೊಡುತ್ತಿದ್ದರು ಎಂದು ಹೇಳಿದಾಗ ಅವನು ನಕ್ಕ.

"ಆಗ ಮಾರಾವ ಬರದುಕೊಡತಿದ್ದನಲ್ರಿ. ಈಗ ಕೊಳ್ಳಾವ್ರೂ ಒಂದು ಬರದುಕೊಡಬೇಕ್ರಿ ಸರ, ದೀಪಾ ಮುಟ್ಯಾವು ಅಂತ."